ತಾನೇ ಎತ್ತುವ ಫೋನು

ಹೊಸಪೇಟೆ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಪ್ರಾಣೇಶನ ಮೊಬೈಲ್ ಅಂಗಡಿಯಿತ್ತು. ಅಂಗಡಿ ಎನ್ನುವುದು ಮರ್ಯಾದೆಯ ಮಾತು. ಮೊದಲು ಎಸ್‌ಟಿಡಿ ಬೂತ್ ಆಗಿದ್ದ ಗಾಜಿನ ಗೂಡಿಗೆ ಒಂದು ಕೌಂಟರ್ ಜೋಡಿಸಿದ್ದ, ಅಷ್ಟೇ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ಚರಂಡಿಯ ಕಲ್ಲಿನ ಮೇಲೆ ನಿಲ್ಲಬೇಕಿತ್ತು. ಆದರೂ ಗಿರಾಕಿಗಳಿಗೆ ಬರವಿರಲಿಲ್ಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿಗೆ ಹೊರಟಿದ್ದ ಕಾಲ ಅದು. ಊರಿನ ಗಿಡ, ಗೋಡೆ, ದನ, ಮಂದಿಯ ಹುಬ್ಬು ಎಲ್ಲ ಕೆಂಪಗಾಗಿದ್ದವು. ನಿನ್ನೆ ಮೊನ್ನೆಯವರೆಗೆ ಸೈಕಲ್ ತುಳಿಯುತ್ತಿದ್ದವರ ಜೇಬಿನಲ್ಲೂ ಫೋನು ಕುಣಿಯುತ್ತಿತ್ತು. ದುಡ್ಡಿದ್ದವರಂತೂ ಹಬ್ಬಕ್ಕೊಂದು ಹೊಸ ಫೋನು ಕೊಳ್ಳುತ್ತಿದ್ದರು.

ಕೊಂಡವರು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಡಬ್ಬಿಯೊಳಗಿನ ಪುಸ್ತಕವನ್ನು ಕೌಂಟರಿನ ಮೇಲೆಯೇ ಬಿಟ್ಟುಹೋಗುವುದು. ಫೋನು ಬಂದದ್ದು ಮಾತಾಡಲಿಕ್ಕೆ, ಮಾತಾಡಲು ಪುಸ್ತಕ ಯಾಕೆ ಓದಬೇಕು ಎಂಬುದು ಅವರ ತರ್ಕ. ಪ್ರಾಣೇಶ ಆ ಪುಸ್ತಕಗಳನ್ನು ಒರೆಸಿ ಮನೆಗೆ ಒಯ್ಯುತ್ತಿದ್ದ, ಒಯ್ದು ಓದುತ್ತಿದ್ದ. ಊರಿಗೆ ಊರೇ ಅದಿರು ಅಗೆಯುತ್ತಿದ್ದಾಗ ಈ ಪುಣ್ಯಾತ್ಮ ಅಗೆದದ್ದು ಇದನ್ನು.

ಅದಕ್ಕೂ ಒಂದು ಕಾರಣವಿತ್ತು. ಅವನ ಅಪ್ಪ ತಿರುಮಲಾಚಾರ್ಯರು ಮನೆಮನೆಗೆ ಹೋಗಿ ಪುರಾಣ ಪಾರಾಯಣ ಮಾಡುತ್ತಿದ್ದವರು. ಹಿಡಿದ ಪುಸ್ತಕವನ್ನು ಮೊದಲ ಅಕ್ಷರದಿಂದ ಕೊನೆಯ ಫಲಶ್ರುತಿಯವರೆಗೆ ಓದಲೇಬೇಕು, ನಡುವೆ ಒಂದು ಸಾಲು ಹಾರಿಸಿದರೂ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬುದು ಅವರ ಕಟ್ಟುನಿಟ್ಟು. ಯಜಮಾನರು ಗಡಿಯಾರ ನೋಡಿ ಕೆಮ್ಮಿದರೂ ಆಚಾರ್ಯರು ಹಾಳೆ ಹಾರಿಸಿದವರಲ್ಲ. ಮಗನನ್ನೂ ಆ ದಾರಿಗೆ ಹಚ್ಚಲು ನೋಡಿದರು. ಪ್ರಾಣೇಶನ ನಾಲಿಗೆಗೆ ಶ್ಲೋಕ ಹತ್ತಲಿಲ್ಲ. ಅಪ್ಪನ ವೃತ್ತಿ ಬರಲಿಲ್ಲ, ಅಪ್ಪನ ಚಾಳಿ ಮಾತ್ರ ಬಂತು. ಮುಂಜಾನೆ ಸ್ನಾನ ಮಾಡಿ, ಮಣೆಯ ಮೇಲೆ ಕೂತು, ಫೋನಿನ ಪುಸ್ತಕವನ್ನು ಒಂದು ಸಾಲು ಬಿಡದೆ ಓದುತ್ತಿದ್ದ. ತಾಯಿ ರಾಧಾಬಾಯಿ ಅಡುಗೆಮನೆಯಿಂದಲೇ, "ಮುಗೀತೇನಪಾ? ಮಂಗಳಾರತಿ ತರ್ಲೇನು?" ಎಂದು ಕೇಳುತ್ತಿದ್ದರು.

ನಗುವವರು ನಗಲಿ. ಆ ಪುಸ್ತಕಗಳ ಕೊನೆಯ ಹಾಳೆಗಳಲ್ಲಿ, ಸಣ್ಣ ಅಕ್ಷರಗಳಲ್ಲಿ, ಯಾರೂ ಹೋಗದ ಜಾಗದಲ್ಲಿ, ಪ್ರಾಣೇಶನಿಗೆ ಸಿಗುತ್ತಿದ್ದ ಸಂಗತಿಗಳು ಅವನ ಮೈ ನವಿರೇಳಿಸುತ್ತಿದ್ದವು. ಫೋನನ್ನು ಪೂರ್ತಿ ಆರಿಸಿಟ್ಟರೂ ಹೇಳಿದ ಹೊತ್ತಿಗೆ ಅದು ಎದ್ದು ಅಲಾರಾಂ ಹೊಡೆಯುತ್ತದೆ. ತೋರಣಗಲ್ಲಿನ ಕಾರ್ಖಾನೆಗೆ ಮೊದಲ ಪಾಳಿಗೆ ಹೋಗುವವನೊಬ್ಬನಿಗೆ ಅದನ್ನು ತೋರಿಸಿದಾಗ ಅವನು, "ಸತ್ತದ್ದು ಎದ್ದು ಕೂಗತೈತಲ್ರಿ" ಎಂದು ಹಿಂದೆ ಸರಿದಿದ್ದ. ಪೂಜೆಗೆ ಕೂರುವಾಗ ಒಂದು ತಾಸು ಸುಮ್ಮನಿರು ಎಂದು ಹೇಳಿದರೆ ಫೋನು ಸುಮ್ಮನಿದ್ದು, ತಾಸು ಮುಗಿದ ಮೇಲೆ ಯಾರೂ ಹೇಳದೆ ಮತ್ತೆ ದನಿ ಪಡೆಯುತ್ತದೆ. ಓದು ಬಾರದವರಿಗೆ ಒಬ್ಬೊಬ್ಬರ ಕರೆಗೆ ಒಂದೊಂದು ರಾಗ ಹಚ್ಚಿಡಬಹುದು. ಇದನ್ನೆಲ್ಲ ಒಳಗಿಟ್ಟು, ತನ್ನಲ್ಲಿ ಇದೆ ಎಂದು ಒಂದು ಮಾತೂ ಆಡದೆ ಫೋನು ಜೇಬಿನಲ್ಲಿ ಬಿದ್ದಿರುತ್ತದಲ್ಲ ಎಂದು ಪ್ರಾಣೇಶ ಬೆರಗಾಗುತ್ತಿದ್ದ. ಅಷ್ಟೇ ಬೆರಗಿನಿಂದ ಗಿರಾಕಿಗಳಿಗೆ ಹೇಳುತ್ತಿದ್ದ. ಅವರಲ್ಲಿ ಹೆಚ್ಚಿನವರು, "ಆತು ಆಚಾರ್ರ, ಮೊದ್ಲು ಕರೆನ್ಸಿ ಹಾಕ್ರಿ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಕೊಟ್ರಬಸಮ್ಮ ಬಂದಳು. ಅಂಗಡಿಯಿಂದ ಎರಡು ಬಾಗಿಲು ಆಚೆ ನಿಂಗಕ್ಕನ ಖಾನಾವಳಿಯಿತ್ತು. ಅಲ್ಲಿ ಹೊಸದಾಗಿ ರೊಟ್ಟಿ ಬಡಿಯಲು ಸೇರಿದ ಹೆಂಗಸು ಅವಳೇ ಎಂದು ಅವನಿಗೆ ಮೊಣಕೈವರೆಗೆ ಮೆತ್ತಿದ ಜೋಳದ ಹಿಟ್ಟಿನಿಂದ ಗೊತ್ತಾಯಿತು. ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದ ಡಬ್ಬಿಯನ್ನು ಕೌಂಟರಿನ ಮೇಲಿಟ್ಟಳು. ಒಳಗೆ ಕ್ಯಾಮೆರಾ ಇರುವ ದೊಡ್ಡ ಸ್ಮಾರ್ಟ್‌ಫೋನ್. ಆಗ ಊರಿನಲ್ಲಿ ಹತ್ತಾರು ಮಂದಿಯ ಹತ್ತಿರ ಮಾತ್ರ ಇದ್ದಂಥದ್ದು.

"ಆಚಾರ್ರ, ಇದನ್ನ ತಗೋಂತೀರೇನ್ರಿ?"

"ಭಾಳ ಛಲೋ ಫೋನ್ ಅದ. ಯಾಕ ಮಾರ್ತೀರಿ?"

"ನಮ್ಮನಿಯವ್ರಿಗೆ ಕಾಂಟ್ರ್ಯಾಕ್ಟರು ಕೊಟ್ಟದ್ದು. ಅವ್ರಿಗೆ ಕೈ ಬರಂಗಿಲ್ರಿ" ಎಂದಳು.

ಅವಳ ಗಂಡ ಹಾಲೇಶ್ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಸಂಡೂರಿನ ಘಟ್ಟದಲ್ಲಿ ಟಿಪ್ಪರ್ ಮಗುಚಿ, ಜೀವ ಉಳಿದು, ಕುತ್ತಿಗೆಯ ಮೂಳೆ ಹೋಗಿತ್ತು. ಅಲ್ಲಿಂದ ಕೆಳಗೆ ಒಂದು ಬೆರಳೂ ಅಲ್ಲಾಡದು. ತಲೆ ತಿರುಗಿಸಬಲ್ಲ, ಗದ್ದ ಆಡಿಸಬಲ್ಲ, ಮಾತಾಡಬಲ್ಲ. ಆಸ್ಪತ್ರೆಗೆ ಬಂದಿದ್ದ ಕಾಂಟ್ರ್ಯಾಕ್ಟರ್ ಆಗತಾನೇ ಹೊಸ ಫೋನು ಕೊಂಡಿದ್ದ. ಹಳೆಯದನ್ನು ಡಬ್ಬಿಯ ಸಮೇತ ಹಾಲೇಶನ ಎದೆಯ ಮೇಲಿಟ್ಟು, ಬೇಜಾರಾದಾಗ ಮಾತಾಡ್ಕೊಂಡಿರು ಎಂದು ಹೇಳಿ ಹೋಗಿದ್ದ.

"ಬೋಳು ತಲಿಗೆ ಬಾಚಣಿಕಿ ಕೊಟ್ಟಂಗಾತು" ಎಂದು ಕೊಟ್ರಬಸಮ್ಮ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. "ಕಣ್ಣ ಮುಂದ ಇದ್ರ ಅವ್ರಿಗೆ ಇನ್ನಷ್ಟು ಸಂಕಟ. ಅದಕ್ಕ ಒಯ್ದು ಬಿಡೋಣ ಅಂದೆ. ಅವ್ರು ಉಣ್ಣವಲ್ರು ಆಚಾರ್ರ. ಮಾತಿಲ್ಲ ಕತಿಯಿಲ್ಲ. ಎರಡು ತುತ್ತು ಬಾಯಿಗಿಟ್ರ ಗೋಡಿ ಕಡೆ ಮುಖ ತಿರುಗಿಸ್ತಾರ. ಹೊಟ್ಟಿಗೆ ಏನೂ ಆಗಿಲ್ಲ, ಆದ್ರ ಹಿಂಗ ಉಪಾಸ ಬಿದ್ರ ಭಾಳ ದಿನ ತಡಿಯಂಗಿಲ್ಲ ಅಂತ ಡಾಕ್ಟ್ರು ಹೇಳ್ಯಾರ."

ಪ್ರಾಣೇಶ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಅವಳೇ ಮುಂದುವರಿಸಿದಳು.

"ಮೊದ್ಲು ಘಟ್ಟ ಇಳಿದ ಕೂಡ್ಲೆ ಮನಿ ಫೋನಿಗೆ ಒಂದು ಮಿಸ್ ಕಾಲ್ ಕೊಡ್ತಿದ್ರು. ಒಂದು ಉದ್ದ ರಿಂಗು. ಹಸಿವಾಗೈತಿ, ಬಂದೆ ಅಂತ ಅರ್ಥ. ನಾನು ಒಲಿ ಮ್ಯಾಲ ಹಂಚು ಇಡ್ತಿದ್ದೆ. ಅವ್ರು ಕೈಕಾಲು ತೊಳಕೊಂಡು ಕುಂದ್ರೂದ್ರಾಗ ಬಿಸಿ ರೊಟ್ಟಿ. ಈಗ ಊರಿಗೆಲ್ಲ ರೊಟ್ಟಿ ಬಡೀತೀನಿ, ನನ್ನ ಮನಿಯಾಗ ಹಂಚು ಇಡಾಕ ಮನಸು ಬರವಲ್ದು."

ಕೇಳುತ್ತಲೇ ಪ್ರಾಣೇಶ ಡಬ್ಬಿಯೊಳಗೆ ಕೈಯಾಡಿಸುತ್ತಿದ್ದ. ತಳದಲ್ಲಿ ಪ್ಲಾಸ್ಟಿಕ್ ಚೀಲ ಒಡೆಯದ ಒಂದು ಹೆಡ್‌ಸೆಟ್ ಸಿಕ್ಕಿತು. ಕಿವಿಗೆ ಒಂದು ತುಂಡು, ಬಾಯಿಯ ಹತ್ತಿರ ಒಂದು ಸಣ್ಣ ಗುಂಡಿ, ನಡುವೆ ಕಪ್ಪು ವೈರು. ಅದನ್ನು ನೋಡಿದ ಕೂಡಲೇ ಅವನಿಗೆ ಈ ಫೋನಿನ ಪುಸ್ತಕದ ಹಿಂದಿನ ಹಾಳೆಯೊಂದು ಕಣ್ಣಿಗೆ ಕಟ್ಟಿತು.

"ಇದನ್ನ ಮಾರಬ್ಯಾಡ್ರಿ" ಎಂದ. "ಈ ಫೋನು ತಾನs ಎತ್ತತದ."

ಅವಳಿಗೆ ಅರ್ಥವಾಗಲಿಲ್ಲ. ಪ್ರಾಣೇಶ ಒಂದು ಸಿಮ್ ಹಾಕಿ, ಹೆಡ್‌ಸೆಟ್ ಚುಚ್ಚಿ, ಒಂದರೊಳಗೊಂದು ಅಡಗಿದ್ದ ಪಟ್ಟಿಗಳನ್ನು ದಾಟಿ, ಹೆಡ್‌ಸೆಟ್ ಇದ್ದಾಗ ತಾನೇ ಉತ್ತರಿಸು ಎಂಬ ಸಾಲಿಗೆ ಹೋಗಿ ಒತ್ತಿದ. ಫೋನನ್ನು ಕೌಂಟರಿನ ನಡುವೆ ಇಟ್ಟ. ಅಂಗಡಿಯ ಲ್ಯಾಂಡ್‌ಲೈನಿನಿಂದ ಆ ನಂಬರ್ ಒತ್ತಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. ಫೋನು ಒಂದಿಷ್ಟು ಹೊತ್ತು ಹೊಡೆದುಕೊಂಡಿತು. ಆಮೇಲೆ ಯಾರೂ ಮುಟ್ಟದೆ ಸುಮ್ಮನಾಗಿ ಕರೆಯನ್ನು ಎತ್ತಿಕೊಂಡಿತು. ಕೊಟ್ರಬಸಮ್ಮ ಬಗ್ಗಿ ಕೌಂಟರಿನ ಕೆಳಗೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಅವಳು ಹಿಟ್ಟಿನ ಕೈಯಲ್ಲೇ ನಮಸ್ಕಾರ ಮಾಡಿದಳು, ಪ್ರಾಣೇಶನಿಗಲ್ಲ, ಫೋನಿಗೆ.

"ಓದಿದ್ದೆ ಖರೆ. ಮಾಡಿ ನೋಡಿದ್ದು ನಾನೂ ಇವತ್ತs" ಎಂದ ಪ್ರಾಣೇಶ.

ಕೆಲಸ ಸುಲಭವಾಗಿ ಕಂಡಿತು. ಮನೆಯ ಹಳೆಯ ಸಣ್ಣ ಫೋನಿನಲ್ಲಿದ್ದ ಸಿಮ್ ಎಲ್ಲರಿಗೂ ಗೊತ್ತಿರುವ ನಂಬರು, ಅದು ಹಾಲೇಶನ ದಿಂಬಿನ ಪಕ್ಕದ ದೊಡ್ಡ ಫೋನಿಗೆ ಹೋಗಲಿ. ಸಣ್ಣ ಫೋನಿಗೆ ಹೊಸ ಸಿಮ್ ಹಾಕಿಸಿ ಕೊಟ್ರಬಸಮ್ಮ ಇಟ್ಟುಕೊಳ್ಳಲಿ. ಹೀಗೆಂದು ಹೇಳಿದವನು ಪ್ರಾಣೇಶನೇ. ಆ ಮನೆಯ ನಂಬರು ಓಣಿಯಲ್ಲಿ ಏನು ಕೆಲಸ ಮಾಡುತ್ತದೆ ಎಂದು ಅವನು ಕೇಳಲಿಲ್ಲ. ಪುಸ್ತಕದಲ್ಲಿ ಅದು ಇರಲಿಲ್ಲವಲ್ಲ. ಅಲ್ಲೇ ಅವನು ಎಡವಿದ್ದು.

ಇಬ್ಬರೂ ಆಟೋದಲ್ಲಿ ಕಾರಿಗನೂರಿಗೆ ಹೋದರು. ಲಾರಿಗಳ ಸಾಲಿಗೆ ಬೆನ್ನು ಹಾಕಿದ ಓಣಿ, ಎರಡು ಕೋಣೆಯ ಮನೆ, ಕಿಟಕಿಯ ಕೆಳಗೆ ಮಂಚ. ಹಾಲೇಶ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಒಂದು ಕಾಲದಲ್ಲಿ ಮಂಚ ತುಂಬುವ ಆಳಿರಬೇಕು, ಈಗ ಹೊದಿಕೆಯ ಕೆಳಗೆ ಆಳೇ ಇಲ್ಲದಂತಿತ್ತು. ಪ್ರಾಣೇಶ ಏನು ಮಾಡುತ್ತಿದ್ದೇನೆಂದು ಬಿಡಿಸಿ ಹೇಳಿದ. ಹಾಲೇಶ್ ಕೇಳಿಸಿಕೊಂಡನೋ ಇಲ್ಲವೋ, ತಿರುಗಲಿಲ್ಲ. ಕೊಟ್ರಬಸಮ್ಮ ಕಿವಿಗೆ ತುಂಡು ಸಿಕ್ಕಿಸಿ, ಸಣ್ಣ ಗುಂಡಿಯನ್ನು ಗದ್ದದ ಹತ್ತಿರ ದಿಂಬಿನ ಬಟ್ಟೆಗೆ ಪಿನ್ನು ಹಾಕಿ ಕೂರಿಸಿದಳು.

ಖಾನಾವಳಿಗೆ ಮರಳಿದ ಮೇಲೆ ಅವಳು ಪ್ರಾಣೇಶನ ಅಂಗಡಿಯ ಮುಂದೆ ನಿಂತು ಮನೆಗೆ ಫೋನು ಹಚ್ಚಿದಳು. "ಕೇಳಸ್ತೈತೇನ್ರಿ?" ಎಂದಳು. ಉತ್ತರ ಬರಲಿಲ್ಲ. "ನಾನ್ರಿ" ಎಂದಳು. ಆಮೇಲೆ ಅವಳೂ ಸುಮ್ಮನಾಗಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಹಿಂದೆ ಬಸ್ಸುಗಳು ಕೂಗಿಕೊಳ್ಳುತ್ತಿದ್ದವು. ಅವಳ ಮುಖ ಮಾತ್ರ ಸಣ್ಣಗೆ ಅರಳುತ್ತ ಹೋಯಿತು.

"ಉಸಿರಾಡಾಕ ಹತ್ಯಾರ" ಎಂದಳು. "ಇಲ್ಲಿಗೆ ಕೇಳಸ್ತೈತ್ರಿ ಆಚಾರ್ರ, ಉಸಿರು."

ಪ್ರಾಣೇಶ ಆ ದಿನ ಮನೆಗೆ ಹೋಗಿ ಅದೇ ಹಾಳೆಯನ್ನು ಮತ್ತೆ ತೆಗೆದ. ಎರಡು ಸಾಲು ಬರೆದಿತ್ತು, ಅಷ್ಟೇ. ಎರಡು ಸಾಲಿನಲ್ಲಿ ಕಾರಿಗನೂರಿನ ಉಸಿರು ಹೊಸಪೇಟೆಗೆ ಬಂದಿತ್ತು. ಅವನಿಗೆ ಊಟ ಸೇರಲಿಲ್ಲ, ಸಂತೋಷಕ್ಕೆ.

ಸಂತೋಷ ಬಹಳ ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ತೋಟಪ್ಪ ಎಂಬ ಟಿಪ್ಪರ್ ಡ್ರೈವರ್ ಕೆಂಪು ಧೂಳಿನ ಸಮೇತ ಅಂಗಡಿಯೊಳಗೆ ನುಗ್ಗಿದ.

"ಫೋನಿಗೆ ಅದೇನೋ ಮಾಟ ಮಾಡಿದವ್ರು ನೀವೇನ್ರಿ?"

ಆಗ ಪ್ರಾಣೇಶನಿಗೆ ಆ ಓಣಿಯ ಪದ್ಧತಿ ತಿಳಿಯಿತು. ಓಣಿಯ ಗಂಡಸರೆಲ್ಲ ಡ್ರೈವರುಗಳು, ಹೆಂಗಸರ ಹತ್ತಿರ ಫೋನಿಲ್ಲ. ಓಣಿಗೆಲ್ಲ ಇದ್ದದ್ದು ಹಾಲೇಶನ ಮನೆಯ ಫೋನೊಂದೇ. ಘಟ್ಟ ಇಳಿದವರೆಲ್ಲ ಅದಕ್ಕೇ ಮಿಸ್ ಕಾಲ್ ಕೊಡುತ್ತಿದ್ದರು. ಹಾಲೇಶನದು ಒಂದು ಉದ್ದ ರಿಂಗು, ಇನ್ನೊಬ್ಬನದು ಎರಡು ಸಲ, ತೋಟಪ್ಪನದು ನಡುವೆ ಬಿಟ್ಟು ಮೂರು ಸಲ. ಅದನ್ನು ಕೇಳಿ ಕೊಟ್ರಬಸಮ್ಮ ಯಾರ ಗಂಡ ಬಂದ ಎಂದು ಓಣಿಗೆ ಕೂಗಿ ಹೇಳುತ್ತಿದ್ದಳು. ಅವಳು ಕೆಲಸಕ್ಕೆ ಸೇರಿದ ಮೇಲೆ ಫೋನು ಗೋಡೆಯ ಮೊಳೆಗೆ ತೂಗಾಡುತ್ತಿತ್ತು, ಪಕ್ಕದ ಮನೆಯ ಉಚ್ಚೆಂಗಮ್ಮ, ಅಂದರೆ ತೋಟಪ್ಪನ ಹೆಂಡತಿ, ಕಿಟಕಿಯಿಂದ ಕಿವಿಗೊಟ್ಟು ಆ ಕೆಲಸ ನೋಡಿಕೊಳ್ಳುತ್ತಿದ್ದಳು. ಒಂದು ಪೈಸೆ ಖರ್ಚಿಲ್ಲದೆ ಓಣಿಯ ಅಷ್ಟೂ ಒಲೆಗಳು ಹೊತ್ತಿಕೊಳ್ಳುವ ಏರ್ಪಾಡು ಅದು. ಎಲ್ಲಿಯೋ ಕೂತು ಆ ಫೋನಿನ ಪುಸ್ತಕ ಬರೆದವರಿಗೆ ಮಿಸ್ ಕಾಲ್ ಎಂಬುದೊಂದು ಭಾಷೆ ಎಂದು ಹೇಗೆ ಗೊತ್ತಿರಬೇಕು? ಎತ್ತಬಾರದೆಂದೇ ಮಾಡಿದ ಕರೆಗಳನ್ನು ಫೋನು ನಿಷ್ಠೆಯಿಂದ ಎತ್ತತೊಡಗಿತ್ತು.

"ರಿಂಗ್ ಉಚ್ಚೆಂಗಿಗೆ ಕೇಳ್ಲಿ ಅಂತ ಒಂದೀಟು ಉದ್ದ ಬಿಡ್ತೀವಿ, ಅಷ್ಟ್ರಾಗ ಎತ್ತಿಬಿಡತೈತಿ" ಎಂದ ತೋಟಪ್ಪ. "ರೂಪಾಯಿ ಹೋತು. ಹೋಗ್ಲಿ ಅಂತ ಹಲೋ ಅಂದ್ರ ಮಾತಿಲ್ಲ. ಬರೇ ಉಸಿರು. ಶೇಕ್ಷಾವಲಿ ಹೆದರಿ ತಾಯತ ಕಟ್ಟಿಸ್ಕೊಂಡಾನ. ಅದನ್ನ ತೆಗೀರಿ ಮೊದ್ಲು."

ಪ್ರಾಣೇಶನಿಗೆ ನಾಚಿಕೆಯಾಯಿತು. ಅಂಗಡಿ ಮುಚ್ಚಿ ತೋಟಪ್ಪನ ಬೈಕ್ ಹತ್ತಿದ. ದಾರಿಯುದ್ದಕ್ಕೂ ಅವನಿಗೆ ಒಂದೇ ಚಿಂತೆ. ಇದನ್ನು ತೆಗೆದರೆ ಕೊಟ್ರಬಸಮ್ಮನಿಗೆ ಆ ಉಸಿರೂ ಇಲ್ಲ. ತೆಗೆಯದಿದ್ದರೆ ಓಣಿಯ ಒಲೆ ಹೊತ್ತುವುದಿಲ್ಲ.

ಮನೆಯ ಮುಂದೆ ತೋಟಪ್ಪ ಬೈಕ್ ನಿಲ್ಲಿಸಿ ಕಟ್ಟೆಯ ಮೇಲೆ ಕೂತುಬಿಟ್ಟ.

"ಒಳಗ ಬರ್ರಿ" ಎಂದ ಪ್ರಾಣೇಶ.

"ಒಲ್ಲೆ, ನೀವು ಹೋಗ್ರಿ" ಎಂದ ತೋಟಪ್ಪ, ಬೇರೆ ಕಡೆ ನೋಡುತ್ತ. "ಆಸ್ಪತ್ರಿಯಾಗ ಒಮ್ಮೆ ನೋಡೀನಿ. ಆ ಕೈ ಹಂಗ ಬಿದ್ದಿರೂದನ್ನ ನನ್ನ ಕಡೆ ನೋಡಾಕ ಆಗಂಗಿಲ್ಲ. ಯಾರೂ ಹೋಗಂಗಿಲ್ಲ. ಅವ ನಮಗೆಲ್ಲ ಗುರು ಇದ್ದಂಗ ಇದ್ದಾವ."

ಸಿಟ್ಟಿನ ಮನುಷ್ಯನ ದನಿ ಅಷ್ಟು ಬೇಗ ಇಳಿದಿತ್ತು. ಪ್ರಾಣೇಶ ಒಳಗೆ ಹೋಗಿ ಮಂಚದ ಪಕ್ಕ ಕೂತು, "ಕ್ಷಮಿಸ್ರಿ, ಇದನ್ನ ತೆಗೀಬೇಕಾಗೇದ" ಎಂದ. ಹಾಲೇಶ್ ಗೋಡೆ ನೋಡುತ್ತಿದ್ದ. ಪ್ರಾಣೇಶನ ಕೈ ವೈರಿನ ಹತ್ತಿರ ಹೋಗುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಒಂದಿಷ್ಟು ಹೊತ್ತು ಕೂಗಿ, ತಾನೇ ಎತ್ತಿಕೊಂಡಿತು.

ಹೊರಗಿನಿಂದ ತೋಟಪ್ಪನ ದನಿ ಕೇಳಿಸಿತು. ಮಾಟ ಹೇಗೆ ನಡೆಯುತ್ತದೆಂದು ತೋರಿಸಲು ಕಟ್ಟೆಯಿಂದಲೇ ಅವನು ಫೋನು ಹಚ್ಚಿದ್ದ. "ನೋಡಿದ್ರೇನ್ರಿ ಆಚಾರ್ರ, ಹೋತು ರೂಪಾಯಿ" ಎಂದು ಕೂಗಿದ. ಮತ್ತೆ ಮಾತಾಡಿದಾಗ ಅವನು ಪ್ರಾಣೇಶನೊಡನೆ ಮಾತಾಡುತ್ತಿರಲಿಲ್ಲ.

"ಯಣ್ಣಾ, ಹಾಲೇಶಣ್ಣ. ನಿನ್ನ ಉಸಿರಿಗೆ ಎಷ್ಟು ರೂಪಾಯಿ ಕೊಟ್ಟೀನಿ ಗೊತ್ತೈತೇನು? ಒಂದು ಮಾತರ ಆಡೋ."

ಹಾಲೇಶನ ಗಂಟಲು ಆಡಿದ್ದನ್ನು ಪ್ರಾಣೇಶ ಕಂಡ. ತುಟಿ ಒಣಗಿ ಅಂಟಿಕೊಂಡಿತ್ತು, ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು.

"ರಸ್ತಾ ಹೆಂಗೈತಿ?" ಎಂದ ಹಾಲೇಶ್.

ಡ್ರೈವರುಗಳು ಎದುರುಬದುರಾದಾಗ ಕಿಟಕಿಯಿಂದ ತಲೆ ಹಾಕಿ ಕೇಳುವ ಮಾತು ಅದು. ಬೇರೆ ಊರಿನವರು ಕ್ಷೇಮವೇ ಎಂದು ಕೇಳುವಂತೆ ಇವರು ರಸ್ತೆ ಕೇಳುತ್ತಾರೆ. ಹೊರಗಿನಿಂದ ತೋಟಪ್ಪ ಮೂಗು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಅವನು ಹೇಳತೊಡಗಿದ. ಘಟ್ಟದ ಎರಡನೆಯ ತಿರುವಿನಲ್ಲಿ ತಗ್ಗು ಬಿದ್ದು ಆಕ್ಸಲ್ ಮುರಿದ ಲಾರಿ ನಿಂತಿದೆ, ಅದರ ಕ್ಲೀನರ್ ಅಲ್ಲೇ ಒಲೆ ಹೂಡಿ ಮೊಟ್ಟೆ ಬೇಯಿಸಿ ಮಾರುತ್ತಿದ್ದಾನೆ. ವಡ್ಡರಹಳ್ಳಿಯ ಹತ್ತಿರ ಸಾಲು ನಿಂತರೆ ಒಂದು ನಿದ್ದೆ ಮುಗಿಯುತ್ತದೆ. ನೀನು ನಿಲ್ಲಿಸುತ್ತಿದ್ದ ಬೇವಿನ ಗಿಡ ಇನ್ನೂ ಇದೆ, ಆದರೆ ಅದು ಬೇವೋ ದಾಸವಾಳವೋ ಗುರುತೇ ಹತ್ತುವುದಿಲ್ಲ, ಅಷ್ಟು ಕೆಂಪು. ಹಾಲೇಶ್ ಹೂಂ ಎನ್ನುತ್ತಿದ್ದ. ಮೊಟ್ಟೆಯ ಮಾತಿಗೆ ಅವನ ಗಂಟಲಿನಿಂದ ನಗೆಯಂಥ ಒಂದು ಸದ್ದು ಬಂತು.

ನಡುವೆ ಇದ್ದದ್ದು ಒಂದು ಬಾಗಿಲು. ಅದೂ ತೆರೆದ ಬಾಗಿಲು. ಆದರೂ ಇಬ್ಬರೂ ಫೋನಿನಲ್ಲೇ ಮಾತಾಡಿದರು. ಪ್ರಾಣೇಶನಿಗೆ ಆಗ ಹೊಳೆಯಿತು. ಮಂಚ ಫೋನಿನಲ್ಲಿ ಕಾಣುವುದಿಲ್ಲ. ಬಿದ್ದ ಕೈ ಕಾಣುವುದಿಲ್ಲ. ಫೋನಿನ ಆಚೆಗೆ ಇದ್ದವನು ಘಟ್ಟ ಇಳಿಯುತ್ತಿದ್ದ ಅದೇ ಹಾಲೇಶ್. ಇದು ಯಾವ ಪುಸ್ತಕದ ಯಾವ ಹಾಳೆಯಲ್ಲೂ ಇರಲಿಲ್ಲ. ಅವನು ವೈರಿನಿಂದ ಕೈ ಹಿಂದೆ ತೆಗೆದುಕೊಂಡ. ಕಣ್ಣಿನಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲೂ ತೋಚದೆ ಕೂತಿದ್ದ.

ಮಾತು ಮುಗಿದ ಮೇಲೆ ಹಾಲೇಶ್ ತಲೆ ತಿರುಗಿಸಿ ಮೊದಲ ಸಲ ಅವನನ್ನು ನೋಡಿದ. "ತೆಗೀಬ್ಯಾಡ್ರಿ ಅದನ್ನ" ಎಂದ.

ತೆಗೆಯಬೇಕಾದ ಅಗತ್ಯವೂ ಬೀಳಲಿಲ್ಲ. ಓಣಿಯ ಪದ್ಧತಿ ತಾನಾಗಿ ಬದಲಾಯಿತು. ಡ್ರೈವರುಗಳು ಫೋನು ಹಚ್ಚುತ್ತಿದ್ದರು, ಹಾಲೇಶ್ ರಸ್ತೆ ಕೇಳುತ್ತಿದ್ದ, ಅವರು ರಸ್ತೆ ಹೇಳುತ್ತಿದ್ದರು. ಆಮೇಲೆ ಹಾಲೇಶ್ ಕಿಟಕಿಯ ಕಡೆ ಗದ್ದ ಎತ್ತಿ, "ಉಚ್ಚೆಂಗಮ್ಮಾ, ನಿನ್ನ ಗಂಡ ಘಟ್ಟ ಇಳಿದಾನ ನೋಡವಾ" ಎಂದು ಕೂಗುತ್ತಿದ್ದ. ಹೋಗುವ ರೂಪಾಯಿ ಹೋಗಿಯೇ ಹೋಗುತ್ತದೆ, ಅದಕ್ಕೆ ತಕ್ಕಷ್ಟು ಮಾತಾದರೂ ಆಡೋಣ ಎಂದು ಶುರುವಾದದ್ದು, ಬರಬರುತ್ತ ರೂಪಾಯಿಯ ನೆನಪೇ ಯಾರಿಗೂ ಇರಲಿಲ್ಲ. ಶೇಕ್ಷಾವಲಿ ಮಾತ್ರ ತಾಯತ ಬಿಚ್ಚಲಿಲ್ಲ, ಇರಲಿ ಎಂದು.

ಆದರೆ ಕೊಟ್ರಬಸಮ್ಮನ ಮುಖದ ಗಂಟು ಪೂರ್ತಿ ಬಿಚ್ಚಿರಲಿಲ್ಲ. ಪ್ರಾಣೇಶ ಕೇಳಿದಾಗ, "ಮಾತಾಡ್ತಾರ್ರಿ" ಎಂದಳು. "ಊಟ ಹಂಗs ಐತಿ. ತಿನಿಸಿದ್ರ ನನಗೋಸ್ಕರ ನಾಕು ತುತ್ತು. ಹಸಿವು ಅಂತ ಬಾಯಿಬಿಟ್ಟು ಒಂದಿನ ಅಂದಿಲ್ಲ. ಎಲ್ಲಾರೂ ಅವ್ರಿಗೆ ಹಚ್ತಾರ, ಅವ್ರು ಯಾರಿಗೂ ಹಚ್ಚಾಕ ಬರಂಗಿಲ್ಲ. ಯಾರರ ಕರೀಲಿ ಅಂತ ದಾರಿ ಕಾಯೂದು ಒಂದು ಬಾಳೇವೇನ್ರಿ ಗಂಡಸಿಗೆ."

ಪ್ರಾಣೇಶ ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋದ. ಮರುದಿನ ಮಣೆಯ ಮೇಲೆ ಕೂತು ಆ ಫೋನಿನ ಪುಸ್ತಕವನ್ನು ಮೊದಲಿನಿಂದ ಮತ್ತೆ ಹಿಡಿದ. ಇನ್ನೊಂದು ಹಾಳೆ ಅವನಿಗೆ ಬೇಕಿತ್ತು. ಒಂದು ಸಾಲು ಹಾರಿಸದ ಅಪ್ಪನ ಮಗನಿಗೆ ಅದು ಸಿಗದೆ ಹೋಗಲಿಲ್ಲ.

ಭಾನುವಾರ ಕಾರಿಗನೂರಿಗೆ ಹೋಗಿ ಹಾಲೇಶನಿಗೆ ವಿವರಿಸಿದ. ದಿಂಬಿಗೆ ಸಿಕ್ಕಿಸಿದ ಸಣ್ಣ ಗುಂಡಿಯನ್ನು ಗದ್ದದಿಂದ ಒತ್ತಿ ಹಿಡಿದರೆ ಫೋನು ಸಣ್ಣಗೆ ಕೂಗಿ ಕಿವಿಗೊಡುತ್ತದೆ. ಆಗ ಮೊದಲೇ ಕಲಿಸಿಟ್ಟ ಒಂದು ಮಾತು ಹೇಳಿದರೆ ಆ ನಂಬರಿಗೆ ತಾನೇ ಹಚ್ಚುತ್ತದೆ. ಇನ್ನೊಮ್ಮೆ ಮೆಲ್ಲಗೆ ಒತ್ತಿದರೆ ಕರೆ ಕಡಿಯುತ್ತದೆ.

"ಅದಕ್ಕ ಕನ್ನಡ ಬರತೈತೇನು?" ಎಂದ ಹಾಲೇಶ್.

"ಅದಕ್ಕ ಯಾವ ಭಾಷಾನೂ ಬರಂಗಿಲ್ಲ. ನಿಮ್ಮ ದನಿ ಅಷ್ಟs ಗೊತ್ತು" ಎಂದ ಪ್ರಾಣೇಶ. "ಮೊದ್ಲು ನಿಮ್ಮ ಮನಿಯವ್ರ ನಂಬರಿಗೆ ಹಾಕೋಣ. ಅವ್ರ ಹೆಸ್ರು ಹೇಳ್ರಿ."

ಹಾಲೇಶ್ ಹೆಂಡತಿಯ ಕಡೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಕೊಟ್ರಬಸಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಮದುವೆಯಾದಂದಿನಿಂದ ಅವಳು ಅವನ ಹೆಸರು ಹೇಳಿದವಳಲ್ಲ, ಅವನೂ ಮಂದಿಯ ಮುಂದೆ ಅವಳ ಹೆಸರು ಹಿಡಿದು ಕರೆದವನಲ್ಲ. ಸಂಸಾರ ಹಾಗೇ ನಡೆದಿತ್ತು. ಪ್ರಾಣೇಶನಿಗೆ ತನ್ನ ಮನೆಯೇ ನೆನಪಾಯಿತು. ರಾಧಾಬಾಯಿ ಗಂಡನ ಹೆಸರೆಂದು ತಿರುಮಲ ಎಂಬ ಪದವನ್ನು ದೇವರಿಗೂ ಬಳಸುತ್ತಿರಲಿಲ್ಲ, ಬೆಟ್ಟದ ಸ್ವಾಮಿ ಎನ್ನುತ್ತಿದ್ದರು.

"ಹೆಸ್ರs ಆಗಬೇಕಂತಿಲ್ಲ. ನೀವು ಹೆಂಗ ಕರೀತೀರೋ ಹಂಗ ಕರೀರಿ" ಎಂದ.

ಹಾಲೇಶ್ ಗಂಟಲು ಸರಿಮಾಡಿಕೊಂಡ. "ಕೇಳಿಲ್ಲಿ" ಎಂದ. ಒಳಗಿನಿಂದ ಕೊಟ್ರಬಸಮ್ಮ ಅಭ್ಯಾಸಬಲದಿಂದ "ಬಂದೇರಿ" ಎಂದಳು. ಅವಳಿಗಿಂತ ತಡವಾಗಿ ಫೋನೂ ಅದನ್ನು ಕಲಿತುಕೊಂಡಿತು.

ಕಲಿತದ್ದು ಫೋನು, ಕಲಿಯಬೇಕಾದದ್ದು ಗದ್ದ. ಹಾಲೇಶ್ ಒತ್ತಿದರೆ ಗುಂಡಿ ಜಾರುತ್ತಿತ್ತು. ಗುಂಡಿ ಸಿಕ್ಕರೆ ಹೊರಗೆ ಲಾರಿ ಹಾರ್ನ್ ಹೊಡೆದು ಮಾತು ಕೆಡುತ್ತಿತ್ತು. ಕೊಟ್ರಬಸಮ್ಮ ಹಳೇ ಸೀರೆಯ ತುಂಡಿನಿಂದ ಪುಟ್ಟ ಚೀಲ ಹೊಲಿದು ಗುಂಡಿಯನ್ನು ಅದರಲ್ಲಿ ಕೂರಿಸಿ, ದಿಂಬಿಗೆ ಹೊಲಿಗೆ ಹಾಕಿದಳು. ಕಾಟಾಚಾರಕ್ಕೆ ಎಂಬಂತೆ ಅವನು ಎರಡು ಸಲ ಒತ್ತಿ ಕಣ್ಣು ಮುಚ್ಚಿದ. ಪ್ರಾಣೇಶ ಸಪ್ಪೆ ಮುಖ ಹಾಕಿಕೊಂಡು ಊರಿಗೆ ಮರಳಿದ. ಅವನ ಕೈಲಿ ಇನ್ನು ಬೇರೆ ಹಾಳೆ ಇರಲಿಲ್ಲ.

ಹಲವು ದಿನ ಏನೂ ಸುದ್ದಿಯಿಲ್ಲ. ಒಂದು ಮಧ್ಯಾಹ್ನ ಖಾನಾವಳಿಯಲ್ಲಿ ಗದ್ದಲ ಏರುವ ಹೊತ್ತಿಗೆ ಕೊಟ್ರಬಸಮ್ಮ ಕರೆನ್ಸಿ ಹಾಕಿಸಲು ಅಂಗಡಿಗೆ ಬಂದಳು. ಮೊಣಕೈವರೆಗೆ ಹಿಟ್ಟು. ನಿಂಗಕ್ಕ ಹಿಂದಿನಿಂದ, "ಜಲ್ದಿ ಬಾರವಾ, ಮಂದಿ ಕುಂತಾರ" ಎಂದು ಕೂಗುತ್ತಿದ್ದಳು. ಸಣ್ಣ ಫೋನನ್ನು ಕೌಂಟರಿನ ಮೇಲಿಟ್ಟದ್ದೇ ತಡ, ಅದು ಹೊಡೆದುಕೊಂಡಿತು.

ಅವಳ ಹೊಸ ನಂಬರು ಗೊತ್ತಿದ್ದವರು ಇಬ್ಬರೇ. ಒಬ್ಬ ಪ್ರಾಣೇಶ, ಎದುರಿಗೇ ನಿಂತಿದ್ದ. ಪ್ರಾಣೇಶ ಪರದೆ ನೋಡಿದ. "ಮನಿಯಿಂದ" ಎಂದ. ಕೈ ಆಡದ ಮನುಷ್ಯ, ಮೊದಲ ಸಲ, ತಾನಾಗಿ ಹಚ್ಚಿದ್ದಾನೆ. ಏನೋ ಆಗಿರಬೇಕು.

"ಎತ್ರಿ ಅಮ್ಮಾ" ಎಂದ.

ಕೊಟ್ರಬಸಮ್ಮ ಹಿಟ್ಟಿನ ಕೈ ಚಾಚಿದಳು. ಮುಟ್ಟುವಷ್ಟರಲ್ಲಿ ಫೋನು ನಿಂತುಹೋಯಿತು.

"ಕಟ್ ಆತಲ್ಲ. ಮತ್ತ ಹಚ್ಚಲೇನು?" ಎಂದು ಪ್ರಾಣೇಶ ಅವಸರದಿಂದ ಫೋನಿಗೆ ಕೈ ಹಾಕಿದ. ಅವಳು ಅವನ ಕೈಯನ್ನು ತಡೆದಳು. ಪರದೆಯನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬುತ್ತಿತ್ತು, ಆದರೆ ಮುಖ ಅಳುವವರ ಮುಖವಾಗಿರಲಿಲ್ಲ.

"ಬ್ಯಾಡ್ರಿ ಆಚಾರ್ರ" ಎಂದಳು. "ಕಟ್ ಆಗಿಲ್ಲ. ಅವ್ರು ಕಟ್ ಮಾಡ್ಯಾರ. ಒಂದು ಉದ್ದ ರಿಂಗು."

ಪ್ರಾಣೇಶನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ಘಟ್ಟ ಇಳಿದ್ರು" ಎಂದಳು ಕೊಟ್ರಬಸಮ್ಮ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅವಳು ಆಗಲೇ ರಸ್ತೆಗೆ ಇಳಿದಿದ್ದಳು. "ನಾ ಹಂಚು ಇಡಬೇಕ್ರಿ. ನಿಂಗಕ್ಕಗ ಹೇಳಿಬಿಡ್ರಿ."

ಆಟೋ ಹಿಡಿದು ಅವಳು ಹೋದಳು. ಪ್ರಾಣೇಶ ಖಾನಾವಳಿಗೆ ಹೋಗಿ ನಿಂಗಕ್ಕನಿಗೆ ಸುದ್ದಿ ಹೇಳಿದ. ಆ ಮಧ್ಯಾಹ್ನ ಅಲ್ಲಿಗೆ ಬಂದ ಗಿರಾಕಿಗಳೆಲ್ಲ ರೊಟ್ಟಿಯಿಲ್ಲದೆ ಬರೀ ಅನ್ನ ಉಂಡು ಹೋದರು.